ಓವನ್ನಿನ ಟೆಂಪರೇಚರ್ ಕಂಟ್ರೋಲರ್: ಆಫ್‌ಸೆಟ್ ಮುಟ್ಟುವ ಮೊದಲು

ಡಿಸ್‌ಪ್ಲೇ 200 ಡಿಗ್ರಿ ತೋರಿಸುತ್ತಿದೆ, ಒಳಗಿನ ಪೌಡರ್ ಕೋಟಿಂಗ್ (ಲೋಹಕ್ಕೆ ಪುಡಿಯಾಗಿ ಹಾಕಿ ಬಿಸಿಯಲ್ಲಿ ಬೇಯಿಸುವ ಬಣ್ಣ) ಮಾತ್ರ ಇನ್ನೂ ಬೆಂದಿಲ್ಲ, ಉಗುರಲ್ಲಿ ಕೆರೆದರೆ ಏಳುತ್ತದೆ. ಇಂಥ ಹೊತ್ತಲ್ಲಿ ಶೆಡ್ಡಿನಲ್ಲಿ ಮೊದಲು ಕೇಳಿಬರುವ ಮಾತು "ಆಫ್‌ಸೆಟ್ ಮೈನಸ್ ಹತ್ತು ಹಾಕ್ಬಿಡಿ ಸಾರ್" ಅಂತ. ಆಫ್‌ಸೆಟ್ ಅಂದರೆ ಸೆನ್ಸರ್ ಓದಿದ್ದಕ್ಕೆ ಕಂಟ್ರೋಲರ್ ಕೂಡಿಸುವ ಅಂಕಿ. ಮೈನಸ್ ಹತ್ತು ಹಾಕಿದರೆ ಡಿಸ್‌ಪ್ಲೇ ಹತ್ತು ಕಡಿಮೆ ತೋರಿಸುತ್ತದೆ, ಓವನ್ ಅಷ್ಟು ಹೆಚ್ಚು ಕಾಯುತ್ತದೆ, ಆ ದಿನ ಕೆಲಸ ನಡೆದೀತು. ಮೂರು ತಿಂಗಳು ಕಳೆದು ಸೆನ್ಸರ್ ಬದಲಾಯಿಸಿದಾಗ ಆ ಮೈನಸ್ ಹತ್ತು ಅಲ್ಲೇ ಕೂತಿರುತ್ತದೆ, ಯಾರಿಗೂ ನೆನಪಿರುವುದಿಲ್ಲ, ಈಗ ಕೋಟಿಂಗ್ ಹಳದಿಗೆ ತಿರುಗುತ್ತದೆ. ಕಂಟ್ರೋಲರ್ ಅನ್ನೋ ಡಬ್ಬಿ ತಪ್ಪು ಹೇಳುವುದು ಅಪರೂಪ. ತಪ್ಪು ಕೂತಿರುವುದು ಸೆನ್ಸರ್ ತುದಿಯಿಂದ ಟರ್ಮಿನಲ್‌ವರೆಗಿನ ದಾರಿಯಲ್ಲಿ, ಇಲ್ಲವೇ ಮೆನುವಿನಲ್ಲಿ. ಆದ್ದರಿಂದ ಇಲ್ಲಿ ಕ್ಯಾಲಿಬ್ರೇಷನ್ ಕೊನೆಗೆ ಹತ್ತಿರ ಬರುತ್ತದೆ.

ಉದಾಹರಣೆಗೆ ಪೀಣ್ಯದಂಥ ಕಡೆ ಸಣ್ಣ ಶೆಡ್ಡುಗಳಲ್ಲಿ ಕಾಣುವ ಓವನ್ ಒಂದನ್ನು ಇಟ್ಟುಕೊಳ್ಳೋಣ: ಸಿಂಗಲ್ ಫೇಸ್, 3 ಕಿಲೋವ್ಯಾಟ್ ಹೀಟರ್, ಒಳಗೆ ಗಾಳಿ ತಿರುಗಿಸುವ ಫ್ಯಾನ್, ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಬೆಸೆದ ಸೆನ್ಸರ್), ಪಿಐಡಿ ಕಂಟ್ರೋಲರ್ (ಹೀಟರಿನ ಶಕ್ತಿಯನ್ನು ಬೇಕಾದಷ್ಟೇ ಏರಿಸಿ ಇಳಿಸುವ ಡಬ್ಬಿ), ಎಸ್‌ಎಸ್‌ಆರ್ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ರಿಲೇ). ಸೆಲೆಕ್, ಮಲ್ಟಿಸ್ಪ್ಯಾನ್, ಓಮ್ರಾನ್ ಎಂದು ಕಂಪನಿ ಬದಲಾದರೆ ಮೆನುವಿನ ಹೆಸರುಗಳು ಬದಲಾಗುತ್ತವೆ, ಒಳಗಿನ ವಿಷಯ ಅದೇ. ಮ್ಯಾನ್ಯುಯಲ್ ಪಕ್ಕದಲ್ಲಿರಲಿ. ವೈರಿಗೆ ಕೈ ಹಾಕುವಾಗಲೆಲ್ಲ ಮೇನ್ ಎಂಸಿಬಿ ಕೆಳಗೆ.

ಸೆನ್ಸರ್ ಮತ್ತು ಅದರ ವೈರು

ಥರ್ಮೋಕಪಲ್ ತುದಿ ತಿರುಗುವ ಗಾಳಿಯ ದಾರಿಯಲ್ಲಿರಬೇಕು. ಗೋಡೆಗೆ ತಾಗಬಾರದು, ಕೆಂಪಾದ ಹೀಟರ್ ಅದಕ್ಕೆ ನೇರವಾಗಿ ಕಾಣಲೂಬಾರದು. ಕಂಡರೆ ಗಾಳಿಗಿಂತ ಹೆಚ್ಚು ಬಿಸಿ ತೋರಿಸುತ್ತದೆ. ಪೈಪಿನ ದಪ್ಪದ ಹತ್ತರಷ್ಟು ಉದ್ದವಾದರೂ ಒಳಗೆ ಹೋಗಿರಲಿ. 6 ಮಿಲಿಮೀಟರ್ ಸೆನ್ಸರ್ ಆದರೆ ಕನಿಷ್ಠ 60. ಅರ್ಧ ಇಂಚು ತೂರಿಸಿ ನಟ್ಟು ಬಿಗಿದರೆ ಅದು ಓದುವುದು ಓವನ್ನಿನ ಗೋಡೆಯನ್ನು.

ಪ್ಲಸ್ ಮೈನಸ್ ಗುರುತಿಸಲು ಬಣ್ಣ ನಂಬಿದರೆ ಮೋಸ ಹೋಗುತ್ತೀರಿ. ಯುರೋಪಿನ ಪದ್ಧತಿಯ ಕೆ ಟೈಪಿನಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಹೌದು, ಕೆಂಪೇ ಮೈನಸ್. ನಮ್ಮ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಅನುಮಾನ ಬಂದರೆ ಒಂದು ಅಯಸ್ಕಾಂತ ಹಿಡಿಯಿರಿ: ಕೆ ಟೈಪಿನ ಎರಡು ತಂತಿಗಳಲ್ಲಿ ಅಯಸ್ಕಾಂತಕ್ಕೆ ಎಳೆಯುವುದು ಮೈನಸ್. ಜೆ ಟೈಪಿನಲ್ಲಿ ಒಂದು ತಂತಿ ಕಬ್ಬಿಣ, ಅಲ್ಲಿ ಎಳೆಯುವುದು ಪ್ಲಸ್.

ಸೆನ್ಸರ್ ಹೆಡ್ಡಿನಿಂದ (ಓವನ್ನಿನ ಹೊರಗೆ ಅದರ ವೈರು ಜೋಡಿಸುವ ಭಾಗ) ಪ್ಯಾನೆಲ್‌ವರೆಗೆ ಕೆ ಟೈಪಿನದೇ ಕಾಂಪೆನ್ಸೇಟಿಂಗ್ ಕೇಬಲ್ ಬೇಕು. ಕೈಗೆ ಸಿಕ್ಕ ತಾಮ್ರದ ವೈರು ಜೋಡಿಸಿದರೆ ಏನಾಗುತ್ತದೆ ನೋಡಿ. ಹೆಡ್ಡು 60 ಡಿಗ್ರಿ ಕಾದಿದೆ, ಪ್ಯಾನೆಲ್ ಟರ್ಮಿನಲ್ 35 ಇದೆ ಅನ್ನಿ. ಥರ್ಮೋಕಪಲ್ ಹೇಳುವುದು ತನ್ನ ಎರಡು ತುದಿಗಳ ಬಿಸಿಯ ವ್ಯತ್ಯಾಸವನ್ನು ಮಾತ್ರ, ಹಾಗಾಗಿ ಕಂಟ್ರೋಲರ್ ತನ್ನ ಟರ್ಮಿನಲ್ಲಿನ 35 ಅನ್ನು ಲೆಕ್ಕಕ್ಕೆ ಸೇರಿಸುತ್ತದೆ, ನಿಜವಾದ ಜೋಡಣೆ ಮಾತ್ರ 60ರಲ್ಲಿದೆ. ಆ 25 ಡಿಗ್ರಿ ಲೆಕ್ಕದಿಂದ ಜಾರಿಹೋಯಿತು, ಡಿಸ್‌ಪ್ಲೇ ಅಷ್ಟು ಕಡಿಮೆ ಓದುತ್ತದೆ, ಓವನ್ ಅಷ್ಟು ಹೆಚ್ಚು ಕಾಯುತ್ತದೆ. ಬೆಳಗ್ಗೆ ಓವನ್ ತಣ್ಣಗಿರುವಾಗ ನೋಡಿದರೆ ತಪ್ಪೇ ಕಾಣಿಸದು, ಮಧ್ಯಾಹ್ನ ಹೆಡ್ಡು ಕಾದ ಮೇಲೆ ಕಾಣಿಸಿಕೊಳ್ಳುತ್ತದೆ. "ಕಂಟ್ರೋಲರ್ ಬಿಸಿಗೆ ಹಾಳಾಗ್ತಿದೆ" ಎಂಬ ದೂರಿನ ಹಿಂದೆ ಇರುವುದು ಬಹಳ ಸಲ ಇದೇ.

ಇನ್ನೊಂದು ಕಳ್ಳ ತಪ್ಪಿದೆ. ಕೇಬಲ್ ಎರಡೂ ತುದಿಯಲ್ಲಿ ತಿರುವುಮುರುವಾಗಿದ್ದರೆ ಓವನ್ ಕಾದಂತೆ ಅಂಕಿ ಏರುತ್ತದೆ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಆದರೆ ಹೆಡ್ಡಿಗೂ ಪ್ಯಾನೆಲ್ಲಿಗೂ ಇರುವ ವ್ಯತ್ಯಾಸದ ಎರಡರಷ್ಟು ಕಡಿಮೆ ಓದುತ್ತದೆ: ಮೇಲಿನ ಲೆಕ್ಕದಲ್ಲಿ 50 ಡಿಗ್ರಿ. ಒಂದೇ ಕಡೆ ತಿರುಗಿದ್ದರೆ ಬಹಳ ಸಲ ಬಿಸಿ ಮಾಡಿದಂತೆ ಅಂಕಿ ಇಳಿಯುತ್ತದೆ, ತಕ್ಷಣ ಗೊತ್ತಾಗುತ್ತದೆ. ಆಗ ಪ್ಯಾನೆಲ್ ಕಡೆ ಎರಡು ವೈರು ಅದಲು ಬದಲು ಮಾಡಿ ಕೈ ತೊಳೆದುಕೊಳ್ಳುವವರಿಂದಲೇ ಈ ಎರಡು ಕಡೆಯ ತಪ್ಪು ಹುಟ್ಟುವುದು.

ಸೆನ್ಸರ್ ಕೇಬಲ್ ಹೀಟರಿನ ಪವರ್ ಕೇಬಲ್ ಜೊತೆ ಒಂದೇ ಡಕ್ಟಿನಲ್ಲಿ ಹೋಗದಿರಲಿ. ಶೀಲ್ಡ್ ಇದ್ದರೆ ಒಂದೇ ತುದಿಯಲ್ಲಿ ಅರ್ತ್ ಮಾಡಿ.

ಔಟ್‌ಪುಟ್

3 ಕಿಲೋವ್ಯಾಟ್ 230 ವೋಲ್ಟಿಗೆ 13 ಆಂಪಿಯರ್. ಎಸ್‌ಎಸ್‌ಆರ್ ಮೇಲೆ 25 ಎಂದು ಬರೆದಿದ್ದರೆ ಸಾಲದೇ ಎಂದು ಕೇಳುತ್ತಾರೆ. ಆ ರೇಟಿಂಗ್ ಒಳ್ಳೆಯ ಹೀಟ್‌ಸಿಂಕ್ ಮೇಲೆ ಕೂತಾಗಿನದು, ನಮ್ಮ ಪ್ಯಾನೆಲ್ ಒಳಗೆ ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. 40 ಆಂಪಿಯರಿನದು ಹಾಕಿ. ಓಡುವ ಎಸ್‌ಎಸ್‌ಆರ್ ಒಂದು ಆಂಪಿಯರಿಗೆ ಒಂದು ವ್ಯಾಟಿಗಿಂತ ಸ್ವಲ್ಪ ಹೆಚ್ಚು ಶಾಖ ಬಿಡುತ್ತದೆ, ಅಂದರೆ ಇಲ್ಲಿ ಸುಮಾರು 15 ವ್ಯಾಟ್. ಹೀಟ್‌ಸಿಂಕ್ ಬೇಕೇ ಬೇಕು, ನಡುವೆ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿರಬೇಕು.

ಎಸ್‌ಎಸ್‌ಆರ್ ಸತ್ತರೆ ಸಾಮಾನ್ಯವಾಗಿ ಶಾರ್ಟ್ ಆಗಿ ಸಾಯುತ್ತದೆ, ಓಪನ್ ಆಗಿ ಅಲ್ಲ. ಆಗ ಕಂಟ್ರೋಲರ್ ಔಟ್‌ಪುಟ್ ಸೊನ್ನೆ ಮಾಡಿದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಅದಕ್ಕೇ ಸಾಲಿನಲ್ಲಿ ಒಂದು ಕಾಂಟ್ಯಾಕ್ಟರ್ (ಹೀಟರಿನ ಕರೆಂಟನ್ನೇ ಕಡಿಯುವ ದೊಡ್ಡ ರಿಲೇ) ಇರಬೇಕು, ಅದರ ಕಾಯಿಲ್ ಬೇರೆಯದೇ ಸೆನ್ಸರ್ ಇರುವ ಓವರ್ ಟೆಂಪರೇಚರ್ ಥರ್ಮೋಸ್ಟಾಟ್ ಮೂಲಕ ಹಾದುಹೋಗಬೇಕು. ಅದೇ ಕಂಟ್ರೋಲರಿನ ಅಲಾರ್ಮ್ ರಿಲೇಯನ್ನು ಇದಕ್ಕೆ ಬಳಸುವುದು ಅರ್ಧ ರಕ್ಷಣೆ ಮಾತ್ರ. ಸೆನ್ಸರ್ ಕೆಟ್ಟು ಕಡಿಮೆ ಓದತೊಡಗಿದರೆ ಅಲಾರ್ಮೂ ಅದೇ ಸುಳ್ಳನ್ನೇ ನಂಬುತ್ತದೆ.

ಮೆನು

ಇನ್‌ಪುಟ್ ಟೈಪ್ ಮೊದಲು ಸರಿಮಾಡಿ. ಹಲವು ಕಂಟ್ರೋಲರುಗಳಲ್ಲಿ ಇದನ್ನು ಬದಲಿಸಿದರೆ ಉಳಿದ ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಹೋಗುತ್ತವೆ, ಕೊನೆಯಲ್ಲಿ ಮುಟ್ಟಿದರೆ ಅರ್ಧ ಗಂಟೆಯ ಕೆಲಸ ನೀರಲ್ಲಿ ಹೋಮ. ಕೆ ಸೆನ್ಸರ್ ಹಾಕಿ ಮೆನುವಿನಲ್ಲಿ ಜೆ ಉಳಿದಿದ್ದರೆ ಎಷ್ಟು ಕೆಡುತ್ತದೆ? ಟರ್ಮಿನಲ್ 30 ಡಿಗ್ರಿ ಇದ್ದಾಗ ಓವನ್ ನಿಜಕ್ಕೂ 200 ಇದ್ದರೆ ಡಿಸ್‌ಪ್ಲೇ ಸುಮಾರು 158 ತೋರಿಸುತ್ತದೆ. ಡಿಸ್‌ಪ್ಲೇ 200 ಮುಟ್ಟುವ ಹೊತ್ತಿಗೆ ಓವನ್ 257 ಆಗಿರುತ್ತದೆ. ತಣ್ಣಗಿರುವಾಗ ಮಾತ್ರ ಎರಡೂ 30 ಅನ್ನುತ್ತವೆ, ಹಾಗಾಗಿ ಸ್ವಿಚ್ ಹಾಕಿ "ರೂಮ್ ಟೆಂಪರೇಚರ್ ಸರಿ ತೋರಿಸ್ತಿದೆ" ಎನ್ನುವುದು ಪರೀಕ್ಷೆಯೇ ಅಲ್ಲ.

ಆಮೇಲೆ ಈ ಸಾಲಿನಲ್ಲಿ ಹೋಗಿ:

1. ಘಟಕ ಸೆಲ್ಸಿಯಸ್, ದಶಮಾಂಶ ಒಂದು ಸ್ಥಾನ. ಕ್ಯಾಲಿಬ್ರೇಷನ್ ಹೊತ್ತಿಗೆ ಅರ್ಧ ಡಿಗ್ರಿಯೂ ಕಾಣಬೇಕು, ಕೊನೆಗೆ ಬೇಡವಾದರೆ ತೆಗೆಯಬಹುದು.
2. ಸೆಟ್ ಪಾಯಿಂಟಿನ (ಓವನ್ ಮುಟ್ಟಬೇಕೆಂದು ನಾವು ಇಡುವ ಬಿಸಿ) ಮೇಲ್ಮಿತಿ 220. ಯಾರಾದರೂ ಬಟನ್ ಒತ್ತಿ ಹಿಡಿದು 800 ಮಾಡದಿರಲು.
3. ಕಂಟ್ರೋಲ್ ಆ್ಯಕ್ಷನ್ ರಿವರ್ಸ್, ಅಂದರೆ ಹೀಟಿಂಗ್. ಹೆಸರು ಗೊಂದಲ ಹುಟ್ಟಿಸುತ್ತದೆ: ಬಿಸಿ ಏರಿದಂತೆ ಔಟ್‌ಪುಟ್ ಇಳಿಯುವುದರಿಂದ ರಿವರ್ಸ್. ಡೈರೆಕ್ಟ್ ಇಟ್ಟರೆ ಅದು ಕೂಲಿಂಗ್ ಲೆಕ್ಕ; ಸೆಟ್ ಪಾಯಿಂಟ್ ದಾಟಿದ ಮೇಲೆ ಹೀಟರ್ ಪೂರ್ತಿ ಹೊತ್ತಿಕೊಳ್ಳುತ್ತದೆ.
4. ಔಟ್‌ಪುಟ್ ಎಸ್‌ಎಸ್‌ಆರ್, ಸೈಕಲ್ ಟೈಮ್ (ಹೀಟರ್ ಒಮ್ಮೆ ಆನ್, ಒಮ್ಮೆ ಆಫ್ ಆಗುವ ಒಂದು ಸುತ್ತು) 2 ಸೆಕೆಂಡ್. ರಿಲೇಯಿಂದ ಕಾಂಟ್ಯಾಕ್ಟರ್ ಓಡಿಸುವುದಾದರೆ 20.
5. ಸೆನ್ಸರ್ ಕಡಿದರೆ ಔಟ್‌ಪುಟ್ ಸೊನ್ನೆ.
6. ಇನ್‌ಪುಟ್ ಫಿಲ್ಟರ್ 1 ಅಥವಾ 2 ಸೆಕೆಂಡ್. ಅಂಕಿ ಕುಣಿಯುತ್ತಿದೆ ಎಂದು 30ಕ್ಕೆ ಏರಿಸಿದರೆ ಕುಣಿತ ನಿಲ್ಲುತ್ತದೆ, ಅದರ ಜೊತೆ ಕಂಟ್ರೋಲರಿನ ಕಣ್ಣೂ ಮಂಜಾಗುತ್ತದೆ. ಕುಣಿತಕ್ಕೆ ಕಾರಣ ವೈರಿಂಗಿನಲ್ಲಿ ಹುಡುಕಿ.

ಸೈಕಲ್ ಟೈಮ್ ಬಗ್ಗೆ ಒಂದು ಲೆಕ್ಕ. ಲೋಡಿನಲ್ಲಿ ಒಂದು ಲಕ್ಷ ಸಲ ಬಡಿದುಕೊಳ್ಳಬಲ್ಲ ರಿಲೇಯನ್ನು 2 ಸೆಕೆಂಡ್ ಸೈಕಲ್ಲಿಗೆ ಇಟ್ಟರೆ ಗಂಟೆಗೆ 1800 ಸಲ, ಅಂದರೆ 55 ಗಂಟೆಗೆ ಅದರ ಆಯಸ್ಸು ಮುಗಿಯಿತು. ಎಂಟು ಗಂಟೆಯ ಶಿಫ್ಟಾದರೆ ಒಂದು ವಾರ. 20 ಸೆಕೆಂಡಿಗೂ ಎಪ್ಪತ್ತು ಶಿಫ್ಟ್ ಅಷ್ಟೇ. ದಿನವಿಡೀ ಓಡುವ ಓವನ್ನಿಗೆ ಎಸ್‌ಎಸ್‌ಆರ್ ಹಾಕಿ, ರಿಲೇಯನ್ನು ಅಲಾರ್ಮಿಗೆ ಬಿಡಿ.

ಮೊದಲು ಡಬ್ಬಿ, ಆಮೇಲೆ ಸೆನ್ಸರ್

ಕಂಟ್ರೋಲರಿಗೆ ಪವರ್ ಕೊಟ್ಟು ಅರ್ಧ ಗಂಟೆ ಬಿಡಿ, ಒಳಗಿನ ಶಾಖ ನೆಲೆಗೊಳ್ಳಲಿ. ಹೀಟರ್ ಎಂಸಿಬಿ ಕೆಳಗೇ ಇರಲಿ. ಮೇನ್ ಇಳಿಸಿ ಸೆನ್ಸರ್ ವೈರು ಬಿಚ್ಚಿ, ಇನ್‌ಪುಟ್ಟಿನ ಪ್ಲಸ್ ಮೈನಸ್ ಎರಡಕ್ಕೂ ಸಣ್ಣ ತಾಮ್ರದ ತಂತಿಯೊಂದನ್ನು ಅಡ್ಡ ಹಾಕಿ, ಮತ್ತೆ ಮೇನ್ ಏರಿಸಿ. ಈಗ ಡಿಸ್‌ಪ್ಲೇ ತೋರಿಸಬೇಕಾದ್ದು ಟರ್ಮಿನಲ್ ಇರುವ ಜಾಗದ ಬಿಸಿ. ಅಲ್ಲೇ ಒಂದು ಥರ್ಮಾಮೀಟರ್ ತುದಿ ಒತ್ತಿ ಹಿಡಿದು ಹೋಲಿಸಿ. ಕೋಣೆ 28 ಇದ್ದರೂ ಟರ್ಮಿನಲ್ 32, 33 ಇರುವುದು ಸಹಜ. ಎರಡು ಡಿಗ್ರಿಯೊಳಗೆ ಹೊಂದಿದರೆ ಕೋಲ್ಡ್ ಜಂಕ್ಷನ್ ಲೆಕ್ಕ, ಅಂದರೆ ಟರ್ಮಿನಲ್ಲಿನ ಬಿಸಿಯನ್ನು ಸೇರಿಸುವ ಲೆಕ್ಕ, ಸರಿಯಿದೆ. ಕಾಸಿನ ಖರ್ಚಿಲ್ಲದ ಪರೀಕ್ಷೆ ಇದು, ಮಾಡುವವರು ಕಡಿಮೆ.

ಮಿಲಿವೋಲ್ಟ್ ಕ್ಯಾಲಿಬ್ರೇಟರ್ (ಸೆನ್ಸರಿನ ಬದಲು ಬೇಕಾದಷ್ಟು ಮಿಲಿವೋಲ್ಟ್ ಕೊಡುವ ಸಾಧನ) ಇದ್ದರೆ ಮುಂದಿನ ಹೆಜ್ಜೆ. ಕೆ ಟೈಪಿನ ಟೇಬಲ್ಲಿನಲ್ಲಿ 200 ಡಿಗ್ರಿಗೆ 8.138 ಮಿಲಿವೋಲ್ಟ್ ಎಂದಿದೆ. ಅದನ್ನೇ ತಾಮ್ರದ ವೈರಿನಲ್ಲಿ ನೇರ ಕೊಟ್ಟರೆ ಡಿಸ್‌ಪ್ಲೇ 230 ತೋರಿಸುತ್ತದೆ, "ಡಬ್ಬಿ ಹೋಯ್ತು" ಎಂದು ಹೊಸದು ತರಿಸುತ್ತಾರೆ. ಟೇಬಲ್ಲಿನ ಅಂಕಿ ಇನ್ನೊಂದು ತುದಿ ಸೊನ್ನೆಯಲ್ಲಿದ್ದಾಗಿನದು. ಟರ್ಮಿನಲ್ 30 ಡಿಗ್ರಿ ಇದ್ದರೆ ಅದರ 1.203 ಕಳೆಯಬೇಕು: 8.138ರಲ್ಲಿ 1.203 ಹೋದರೆ 6.935. ಇಷ್ಟು ಕೊಟ್ಟಾಗ 200 ಬರಬೇಕು. ಕ್ಯಾಲಿಬ್ರೇಟರಿನಲ್ಲೇ ಕೋಲ್ಡ್ ಜಂಕ್ಷನ್ ಲೆಕ್ಕ ಆನ್ ಇದ್ದರೆ ತಾಮ್ರ ಬೇಡ, ಕೆ ಟೈಪ್ ಕೇಬಲ್ಲಿನಲ್ಲೇ ಜೋಡಿಸಿ ನೇರ 200 ಕೊಡಿ. ಎರಡು ಪದ್ಧತಿ ಬೆರೆಸಬೇಡಿ. ಸೆನ್ಸರ್ ಪಿಟಿ-100 (ಬಿಸಿಯ ಜೊತೆ ರೆಸಿಸ್ಟೆನ್ಸ್ ಬದಲಾಗುವ ಪ್ಲಾಟಿನಂ ಸೆನ್ಸರ್) ಆದರೆ ಇಷ್ಟು ತಾಪತ್ರಯವಿಲ್ಲ: 100 ಓಮ್‌ಗೆ ಸೊನ್ನೆ, 138.51ಕ್ಕೆ 100 ಡಿಗ್ರಿ, 175.86ಕ್ಕೆ 200. ಮೂರು ವೈರೂ ಒಂದೇ ಉದ್ದ, ಒಂದೇ ದಪ್ಪ ಇರಲಿ.

ಇಲ್ಲೆಲ್ಲ ಒಂದೆರಡು ಡಿಗ್ರಿಯೊಳಗೆ ಬಂದರೆ ಡಬ್ಬಿಯನ್ನು ಅದರ ಪಾಡಿಗೆ ಬಿಡಿ. ಕೆಲವು ಮಾಡೆಲ್ಲುಗಳಲ್ಲಿ ಪಾಸ್‌ವರ್ಡ್ ಹಿಂದೆ ಫ್ಯಾಕ್ಟರಿ ಕ್ಯಾಲಿಬ್ರೇಷನ್ ಮೆನು ಇರುತ್ತದೆ. ನಿಖರ ಸೋರ್ಸ್ ಕೈಯಲ್ಲಿಲ್ಲದೆ ಅದರೊಳಗೆ ಹೋಗಿ ಸೇವ್ ಒತ್ತಿದರೆ ಹಿಂದೆ ಬರುವ ದಾರಿ ಇಲ್ಲ.

ಈಗ ಸೆನ್ಸರ್ ಜೋಡಿಸಿ ಐಸ್ ಪರೀಕ್ಷೆ. ಅಗಲ ಬಾಯಿಯ ಥರ್ಮಸ್ ಫ್ಲಾಸ್ಕ್, ಡಿಸ್ಟಿಲ್ಡ್ ನೀರಿನಿಂದ ಮಾಡಿದ ಐಸ್, ಇಲ್ಲವಾದರೆ ಆರ್‌ಓ ನೀರಿನದು. ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಅವಲಕ್ಕಿಯಷ್ಟು ಪುಡಿ ಮಾಡಿ ಫ್ಲಾಸ್ಕಿಗೆ ತುಂಬಿ. ಸಂದು ಮುಚ್ಚುವಷ್ಟೇ ತಣ್ಣೀರು ಹಾಕಿ. ಐಸ್ ತೇಲಬಾರದು, ತಳದವರೆಗೂ ಐಸೇ ಇರಬೇಕು. ನೀರು ಹೆಚ್ಚಾಗಿ ಐಸ್ ಮೇಲೆ ತೇಲಿದರೆ ತಳದಲ್ಲಿ 4 ಡಿಗ್ರಿ ನೀರು ಕೂರುತ್ತದೆ, ಸೆನ್ಸರ್ ತುದಿ ಸರಿಯಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಸೆನ್ಸರ್ ನಡುವಿಗೆ ಇಳಿಸಿ, ಆಗಾಗ ಕಲಕುತ್ತ ಹತ್ತು ನಿಮಿಷ ಕಾದು ಓದಿ.

ಕುದಿಯುವ ನೀರಿನದು ಎರಡನೇ ಬಿಂದು, ಆದರೆ ಅದು 100 ಅಲ್ಲ. ಮಂಗಳೂರಿನಲ್ಲಿ 100ರ ಹತ್ತಿರ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97, ಮೈಸೂರಿನಲ್ಲಿ 97.4ರ ಆಸುಪಾಸು, ಮಡಿಕೇರಿಯಲ್ಲಿ 96. ಬೆಂಗಳೂರಿನಲ್ಲಿ ಕೂತು ಕುದಿಯುವ ನೀರಿಗೆ 100 ಬರಲೇಬೇಕೆಂದು ಆಫ್‌ಸೆಟ್ ಹಾಕಿದರೆ ಸರಿಯಿದ್ದ ಕಂಟ್ರೋಲರಿಗೆ 3 ಡಿಗ್ರಿ ತಪ್ಪು ಕಲಿಸಿದಂತೆ. ಇನ್ನೂ ನಿಖರ ಬೇಕಾದರೆ ಆ ಹೊತ್ತಿನ ಸ್ಥಳೀಯ ವಾಯುಒತ್ತಡ ನೋಡಿ ಲೆಕ್ಕ ಹಾಕಬಹುದು. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ ಒತ್ತಡ ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಹೊಂದಿಸಿದ್ದು, ಅದು ಇಲ್ಲಿ ಉಪಯೋಗಕ್ಕೆ ಬಾರದು. ತುದಿ ಪಾತ್ರೆಯ ತಳಕ್ಕೆ ತಾಗದಿರಲಿ, ನೀರಿಗೆ ಉಪ್ಪು ಬೀಳದಿರಲಿ.

ಇವೆರಡೂ ಸೆನ್ಸರ್ ಬದುಕಿದೆಯೇ ಎಂದು ನೋಡಲು ಸಾಕು. ಓವನ್ ಓಡುವುದು 200ರಲ್ಲಿ, ಕೊನೆಯ ಮಾತು ಅಲ್ಲೇ ಆಗಬೇಕು. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ಸರ್ಟಿಫಿಕೇಟ್ ಇರುವ ರೆಫರೆನ್ಸ್ ಥರ್ಮಾಮೀಟರ್ ತನ್ನಿ. ಎರಡು ರಂಧ್ರ ಕೊರೆದ ಅಲ್ಯೂಮಿನಿಯಂ ತುಂಡಿನಲ್ಲಿ ಎರಡೂ ಸೆನ್ಸರ್ ತುದಿಗಳನ್ನು ಅಕ್ಕಪಕ್ಕ ಕೂರಿಸಿ, ತುಂಡನ್ನು ಓವನ್ನಿನೊಳಗೆ ಇಡಿ. ಅಂಕಿ ನಿಂತ ಮೇಲೂ ಇಪ್ಪತ್ತು ನಿಮಿಷ ಬಿಟ್ಟು, ನಿಮಿಷಕ್ಕೊಂದರಂತೆ ಐದು ಸಲ ಎರಡನ್ನೂ ಬರೆದುಕೊಂಡು ಸರಾಸರಿ ತೆಗೆಯಿರಿ. ಸರ್ಟಿಫಿಕೇಟಿನಲ್ಲಿ ಎರರ್ ಎಂದು ಕೊಟ್ಟಿದ್ದಾರೋ ಕರೆಕ್ಷನ್ ಎಂದು ಕೊಟ್ಟಿದ್ದಾರೋ ಕಣ್ಣಿಟ್ಟು ನೋಡಿ. ಎರಡರ ಚಿಹ್ನೆ ಒಂದಕ್ಕೊಂದು ವಿರುದ್ಧ: ಎರರ್ ಪ್ಲಸ್ 0.6 ಇದ್ದರೆ ಓದಿದ್ದರಲ್ಲಿ ಕಳೆಯಬೇಕು, ಕರೆಕ್ಷನ್ ಪ್ಲಸ್ 0.6 ಇದ್ದರೆ ಕೂಡಿಸಬೇಕು.

ನಿಜ 100 ಇದ್ದಾಗ ಡಿಸ್‌ಪ್ಲೇ 101, ನಿಜ 200 ಇದ್ದಾಗ 204 ಬಂತು ಅನ್ನಿ. ತಪ್ಪು ಬಿಸಿಯ ಜೊತೆ ಬೆಳೆಯುತ್ತಿದೆ, ಒಂದೇ ಆಫ್‌ಸೆಟ್ ಎರಡು ಕಡೆ ಹೊಂದದು. ಎರಡು ಬಿಂದುವಿನ ತಿದ್ದುಪಡಿ ಇರುವ ಮಾಡೆಲ್ ಆದರೆ ಗೇನ್ ಎಂದರೆ ನಿಜದ ಅಂತರ 100 ಭಾಗಿಸು ಡಿಸ್‌ಪ್ಲೇ ಅಂತರ 103, ಅಂದರೆ 0.971. ಕೂಡಿಸಬೇಕಾದ್ದು 100ರಿಂದ 0.971 ಗುಣಿಸು 101 ಕಳೆದರೆ ಉಳಿಯುವ ಸುಮಾರು 1.9. ಒಂದೇ ಆಫ್‌ಸೆಟ್ ಇರುವ ಅಗ್ಗದ ಮಾಡೆಲ್ ಆದರೆ ಓಡುವ ಬಿಂದುವಿಗೆ ಸರಿಯಾಗಿ ಮೈನಸ್ 4 ಹಾಕಿ. 100ರಲ್ಲಿ ಅದು 3 ಡಿಗ್ರಿ ಕಡಿಮೆ ತೋರಿಸುತ್ತದೆ ಎಂದು ಗೊತ್ತಿದ್ದರಾಯಿತು. ಸಾಮಾನ್ಯ ದರ್ಜೆಯ ಕೆ ಸೆನ್ಸರಿಗೆ ಪ್ಲಸ್ ಮೈನಸ್ 2.5 ಡಿಗ್ರಿ ತಯಾರಿಕೆಯ ವಿನಾಯಿತಿ, ಸುಮಾರು 333 ಡಿಗ್ರಿ ಮೇಲೆ ಅದು ಶೇಕಡಾ 0.75. ಆದ್ದರಿಂದ 2, 3 ಡಿಗ್ರಿಯ ತಿದ್ದುಪಡಿ ಸಹಜ. 8, 10 ಬೇಕೆನಿಸಿದರೆ ಬಟನ್ ಬಿಟ್ಟು ಮತ್ತೆ ವೈರಿನ ಬಳಿ ಹೋಗಿ.

ಶುರುವಿನ ಬೇಯದ ಪೌಡರಿಗೆ ಬರೋಣ. ಡಬ್ಬಿ, ಸೆನ್ಸರ್ ಎರಡೂ ಸರಿಯಿದ್ದರೂ ಅದು ಬೇಯದಿರಬಹುದು. ಪೌಡರಿನ ಚೀಟಿಯಲ್ಲಿ 200 ಡಿಗ್ರಿ 10 ನಿಮಿಷ ಎಂದಿದ್ದರೆ ಅದು ಲೋಹದ ಬಿಸಿ, ಗಾಳಿಯದಲ್ಲ. ತಗಡು ಬೇಗ ಕಾಯುತ್ತದೆ, ದಪ್ಪ ಬ್ರಾಕೆಟ್ ಗಾಳಿಗಿಂತ ಎಷ್ಟೋ ನಿಮಿಷ ಹಿಂದೆ ಉಳಿಯುತ್ತದೆ. ಜಾಬಿಗೇ, ಅಂದರೆ ಬೇಯಿಸುತ್ತಿರುವ ಲೋಹದ ತುಂಡಿಗೇ, ಒಂದು ಸೆನ್ಸರ್ ಬಿಗಿದು, ಅದು 200 ಮುಟ್ಟಿದ ಮೇಲೆ ಹತ್ತು ನಿಮಿಷ ಎಣಿಸಿ. ಇದಕ್ಕೆ ಮದ್ದು ಹೆಚ್ಚು ಹೊತ್ತು, ಆಫ್‌ಸೆಟ್ ಅಲ್ಲ.

ಆಟೋಟ್ಯೂನ್

ಕಂಟ್ರೋಲರ್ ತನ್ನ ಪಿಐಡಿ ಅಂಕಿಗಳನ್ನು ತಾನೇ ಹುಡುಕಿಕೊಳ್ಳುವ ಕೆಲಸ ಇದು, ಕ್ಯಾಲಿಬ್ರೇಷನ್ ಮುಗಿದ ಮೇಲೆ. ಓವನ್ ತಣ್ಣಗಿರಲಿ, ಫ್ಯಾನ್ ಓಡುತ್ತಿರಲಿ, ಒಳಗೆ ಮಾಮೂಲಿ ಲೋಡ್ ಇರಲಿ. ಕೆಟ್ಟರೆ ಬೇಸರವಾಗದ ಹಳೆಯ ಜಾಬ್ ನೇತುಹಾಕಿ. ಆಟೋಟ್ಯೂನ್ ಹೀಟರನ್ನು ಪೂರ್ತಿ ಆನ್, ಪೂರ್ತಿ ಆಫ್ ಮಾಡುತ್ತ ಸೆಟ್ ಪಾಯಿಂಟ್ ಸುತ್ತ ಎರಡು ಮೂರು ಅಲೆ ಎಬ್ಬಿಸಿ ಅಳೆಯುತ್ತದೆ, ಹಾಗಾಗಿ ಹತ್ತು ಹದಿನೈದು ಡಿಗ್ರಿ ಮೇಲೆ ಹೋಗಬಹುದು. ಅದಕ್ಕೇ ಸೆಟ್ ಪಾಯಿಂಟ್ 180 ಇಟ್ಟು ಮಾಡಿ. ನಡುವೆ ಬಾಗಿಲು ತೆರೆದರೆ ಅಳತೆ ಕೆಡುತ್ತದೆ, ಮೊದಲಿಂದ ಶುರುಮಾಡಬೇಕು.

ಮುಗಿದ ಮೇಲೆ 200ಕ್ಕೆ ಇಟ್ಟು ನೋಡಿ. ಒಂದು ಸಲ 4, 5 ಡಿಗ್ರಿ ಮೇಲೆ ಹೋಗಿ ನಿಂತರೆ ಬಿಟ್ಟುಬಿಡಿ. ಹೆಚ್ಚು ಹಾರಿದರೆ ಪ್ರೊಪೋರ್ಷನಲ್ ಬ್ಯಾಂಡನ್ನು (ಸೆಟ್ ಪಾಯಿಂಟ್ ಹತ್ತಿರ ಔಟ್‌ಪುಟ್ ತಗ್ಗತೊಡಗುವ ವ್ಯಾಪ್ತಿ) ಒಂದೂವರೆ ಪಟ್ಟು ಅಗಲ ಮಾಡಿ. ನಿಧಾನವಾಗಿ ಮೇಲೆ ಕೆಳಗೆ ತೂಗುತ್ತಲೇ ಇದ್ದರೆ ಇಂಟೆಗ್ರಲ್ ಸಮಯ (ಉಳಿದ ಅಂತರವನ್ನು ತುಂಬಲು ತೆಗೆದುಕೊಳ್ಳುವ ಸಮಯ) ಹೆಚ್ಚಿಸಿ. ಔಟ್‌ಪುಟ್ ಶೇಕಡಾವಾರು ಚಡಪಡಿಸುತ್ತಿದ್ದರೆ ಡೆರಿವೇಟಿವ್ (ಬಿಸಿ ಬದಲಾಗುವ ವೇಗಕ್ಕೆ ಕೊಡುವ ಪ್ರತಿಕ್ರಿಯೆ) ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಆಟೋಟ್ಯೂನ್ ಕೈಕೊಟ್ಟರೆ ಝೀಗ್ಲರ್, ನಿಕೋಲ್ಸ್ ಇಬ್ಬರೂ 1942ರಲ್ಲಿ ಕೊಟ್ಟ ದಾರಿ ಇವತ್ತಿಗೂ ನಡೆಯುತ್ತದೆ. ಇಂಟೆಗ್ರಲ್, ಡೆರಿವೇಟಿವ್ ಎರಡನ್ನೂ ತೆಗೆದು, ಬಿಸಿ ಒಂದೇ ಸಮನೆ ತೂಗುವವರೆಗೆ ಬ್ಯಾಂಡ್ ಕಿರಿದು ಮಾಡುತ್ತ ಹೋಗಿ. ಶೇಕಡಾ 3ರಲ್ಲಿ ಹಾಗಾಯಿತು, ಒಂದು ತೂಗಾಟಕ್ಕೆ 240 ಸೆಕೆಂಡ್ ಹಿಡಿಯಿತು ಅನ್ನಿ. ಬ್ಯಾಂಡ್ ಶೇಕಡಾ 5, ಇಂಟೆಗ್ರಲ್ ಆ 240ರ ಅರ್ಧ 120, ಡೆರಿವೇಟಿವ್ ಅದರ ಎಂಟನೇ ಒಂದು ಭಾಗ 30. ಇದು ಶುರುವಿನ ಅಂಕಿ, ಸ್ವಲ್ಪ ಹಾರುತ್ತದೆ. ಬ್ಯಾಂಡ್ ಇನ್ನಷ್ಟು ಅಗಲ ಮಾಡಿ ಪಳಗಿಸಿ.

ಕೆಡಿಸಿ ನೋಡುವುದು

ಹೈ ಅಲಾರ್ಮ್ 215, ಬೇರೆ ಥರ್ಮೋಸ್ಟಾಟ್ 230. ಮಾಡೆಲ್ಲಿನಲ್ಲಿ ಲೂಪ್ ಬ್ರೇಕ್ ಅಲಾರ್ಮ್ ಇದ್ದರೆ ಆನ್ ಮಾಡಲೇಬೇಕು: ಔಟ್‌ಪುಟ್ ಪೂರ್ತಿ ಇದ್ದೂ ಬಿಸಿ ಏರದಿದ್ದರೆ ಅದು ಕೂಗುತ್ತದೆ. ಸೆನ್ಸರ್ ಕಡಿದರೆ ಡಿಸ್‌ಪ್ಲೇ ಓಪನ್ ಎಂದು ಹೇಳುತ್ತದೆ. ಆದರೆ ಹೆಡ್ಡಿನಲ್ಲಿ ಎರಡು ತಂತಿ ತಾಗಿಕೊಂಡರೆ ಅಲ್ಲಿನ 50, 60 ಡಿಗ್ರಿ ತೋರಿಸುತ್ತ ಹೀಟರನ್ನು ಸುಮ್ಮನೆ ಉರಿಸುತ್ತಲೇ ಇರುತ್ತದೆ.

ಅಲಾರ್ಮ್ ಇದೆ ಎಂದು ನಂಬದೆ ಪರೀಕ್ಷಿಸಿ. ಮೇನ್ ಇಳಿಸಿ ಸೆನ್ಸರಿನ ಒಂದು ವೈರು ಬಿಚ್ಚಿ, ವೈರು ಹಾಗೇ ಬಿಟ್ಟು ಮೇನ್ ಮಾತ್ರ ಮತ್ತೆ ಏರಿಸಿ: ಡಿಸ್‌ಪ್ಲೇ ಓಪನ್ ಅನ್ನಬೇಕು, ಕ್ಲ್ಯಾಂಪ್ ಮೀಟರಿನಲ್ಲಿ ಹೀಟರ್ ಕರೆಂಟ್ ಸೊನ್ನೆ ಇರಬೇಕು. ಇಲ್ಲಿ ಟೆಸ್ಟರ್ ನಂಬಬೇಡಿ, ಆಫ್ ಆದ ಎಸ್‌ಎಸ್‌ಆರ್ ಮೂಲಕವೂ ಕೆಲವು ಮಿಲಿಆಂಪಿಯರ್ ಸೋರುತ್ತದೆ, ಹೀಟರ್ ಬಿಚ್ಚಿದ್ದಾಗ ಟೆಸ್ಟರ್ ಹೊತ್ತಿಕೊಂಡು ದಿಕ್ಕುತಪ್ಪಿಸುತ್ತದೆ. ಥರ್ಮೋಸ್ಟಾಟಿನ ತಿರುಗುಬಟನ್ನನ್ನು 150ಕ್ಕೆ ಇಳಿಸಿ ಕಾಂಟ್ಯಾಕ್ಟರ್ ಬೀಳುವ ಸದ್ದು ಕೇಳಿ, ಮರೆಯದೆ ವಾಪಸ್ 230ಕ್ಕೆ ತನ್ನಿ.

ಇನ್‌ಪುಟ್ ಟೈಪ್, ಆಫ್‌ಸೆಟ್, ಮೂರು ಪಿಐಡಿ ಅಂಕಿ, ಸೈಕಲ್ ಟೈಮ್, ಅಲಾರ್ಮ್, ಸೆನ್ಸರ್ ಬದಲಿಸಿದ ದಿನಾಂಕ ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗಡೆ ಅಂಟಿಸಿ. ಸೆನ್ಸರ್ ಬದಲಾದ ದಿನ ಆಫ್‌ಸೆಟ್ ಸೊನ್ನೆ ಮಾಡಿ, 200ರ ಹೋಲಿಕೆಯನ್ನು ಮತ್ತೆ ಮಾಡಿ. ಮೆನುವಿಗೆ ಲಾಕ್ ಹಾಕಿ. ಲಾಕಿನ ನಂಬರ್ ಮಾತ್ರ ಆ ಕಾಗದದಲ್ಲಿ ಬೇಡ.